ಬರಿಗೈಯ ಗಿರಾಕಿ

ಇಪ್ಪತ್ತೆರಡು ವರ್ಷ ಊರ ಹೆಂಗಸರಿಗೆಲ್ಲ ಹೊಸ ಬಟ್ಟೆ ಆರಿಸಿಕೊಟ್ಟ ದೊಡ್ಡಕ್ಕ, ತನಗೆಂದು ಒಂದು ಹೊಸ ಬಟ್ಟೆ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಮೂರು ವಾರ ತೆಗೆದುಕೊಂಡಳು. ನಗುವವರು ನಗಬಹುದು. ಆದರೆ ಆ ಮೂರು ವಾರ ಅವಳು ಬಟ್ಟೆಯ ಬಗ್ಗೆ ಯೋಚಿಸಿದ್ದು ಕಡಿಮೆ, ಒಬ್ಬಳ ಸೊಕ್ಕು ಮುರಿಯುವ ಬಗ್ಗೆ ಯೋಚಿಸಿದ್ದೇ ಹೆಚ್ಚು.

ದೊಡ್ಡಕ್ಕ ಎಂಬುದು ಮನೆಯವರು ಇಟ್ಟ ಹೆಸರಲ್ಲ, ಅಂಗಡಿಯವರು ಇಟ್ಟದ್ದು. ಪೇಟೆಯ ದೊಡ್ಡ ಸಿದ್ಧ ಉಡುಪಿನ ಅಂಗಡಿಯಲ್ಲಿ ಹೆಂಗಸರ ವಿಭಾಗಕ್ಕೆ ಅವಳೇ ಹಿರಿಯಳು. ಬಾಗಿಲಲ್ಲಿ ಕಾಲಿಟ್ಟ ಹೆಂಗಸಿನ ಭುಜ, ಸೊಂಟ, ಎತ್ತರವನ್ನು ಟೇಪು ಹಿಡಿಯದೆ ಹೇಳುತ್ತಿದ್ದಳು. ಒಳಗೆ ಬಂದವರು ಮೊದಲು ಕೇಳುತ್ತಿದ್ದುದೇ "ದೊಡ್ಡಕ್ಕ ಎಲ್ಲಿ?" ಎಂದು. ಈಗ ಮೂರು ವರ್ಷದಿಂದ ಅವಳು ಇನ್ನೊಂದು ಬೀದಿಯ ಪರದೆ ಅಂಗಡಿಯಲ್ಲಿದ್ದಾಳೆ. ಪರದೆಗೆ ಭುಜವಿಲ್ಲ, ಸೊಂಟವಿಲ್ಲ, ಕಿಟಕಿಯ ಅಳತೆ ಬರೆದುಕೊಂಡು ಬಂದವರಿಗೆ ಕತ್ತರಿಸಿ ಕೊಟ್ಟರಾಯಿತು. ಐವತ್ತು ದಾಟಿದ ಮೇಲೆ ಇಂಥ ಕೆಲಸವೇ ಸುಖ ಎಂದು ಅವಳ ಗಂಡ ಹೇಳುತ್ತಾನೆ.

ತಂಗಿಯ ಮಗಳ ಮದುವೆ ಹತ್ತಿರ ಬಂದಾಗ ಕಪಾಟು ತೆಗೆದು ನೋಡಿದಳು. ಇದ್ದವೆಲ್ಲ ಹಳೆಯ ಅಂಗಡಿಯ ಯಜಮಾನಿ ವರ್ಷಕ್ಕೊಂದರಂತೆ ಕೊಟ್ಟಿದ್ದ ಉಡುಪುಗಳು. ಬೀದಿಗೆ ಕಾಣುವ ಗಾಜಿನೊಳಗೆ ಬೊಂಬೆಗೆ ತೊಡಿಸಿ, ತಿಂಗಳುಗಟ್ಟಲೆ ಬಿಸಿಲಿಗಿಟ್ಟು, ಒಂದು ಮಗ್ಗುಲು ಬಿಳಿಚಿಕೊಂಡ ಮೇಲೆ "ತಗೋ, ನಿನಗೆ" ಎಂದು ಕೊಟ್ಟವು. ಮನೆಯ ಯಾವ ಫೋಟೋ ನೋಡಿದರೂ ದೊಡ್ಡಕ್ಕ ಎಡಮಗ್ಗುಲು ತೋರಿಸಿಕೊಂಡೇ ನಿಂತಿರುತ್ತಾಳೆ. ಬಿಂಕವಲ್ಲ, ಬಲಮಗ್ಗುಲಿಗೆ ಬಣ್ಣವಿಲ್ಲ.

"ಆ ನೀಲಿದೇ ಹಾಕ್ಕೋ, ಚೆನ್ನಾಗೇ ಇದೆಯಲ್ಲ" ಎಂದ ಗಂಡ. ಬಸ್ಸಿನ ಡ್ರೈವರು ಅವನು. ರಜೆಯ ದಿನ ಕಿಟಕಿ ಪಕ್ಕ ಕುಳಿತು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ.

"ಒಂದು ಕಡೆ ಚೆನ್ನಾಗಿದೆ."

"ಇನ್ನೊಂದು ಕಡೆನ ಗೋಡೆಗೆ ಕೊಟ್ಟು ನಿಂತ್ಕೋ."

"ಮದುವೆ ಮುಗಿಯೋ ತನಕ ಗೋಡೆಗೆ ಅಂಟ್ಕೊಂಡಿರ್ಲಾ, ಹಲ್ಲಿ ಥರ?"

"ಹಾಗಾದ್ರೆ ಹೊಸದು ತಗೊಳ್ಳೇ ಮಾರಾಯ್ತಿ. ಬೇಡ ಅಂದೋರು ಯಾರು?"

"ತಗೊಂಡ್ರೆ ಅವಳ ಅಂಗಡೀಲೇ."

ಗಂಡನ ಕೈ ಗಲ್ಲದ ಮೇಲೆಯೇ ನಿಂತಿತು. ಅವಳು ಎಂದರೆ ಯಾರು ಎಂದು ಆ ಮನೆಯಲ್ಲಿ ಕೇಳಬೇಕಾಗಿರಲಿಲ್ಲ.

"ಉಗಿಸಿಕೊಂಡು ಬಂದ ಜಾಗಕ್ಕೆ ದುಡ್ಡು ಬೇರೆ ಕೊಟ್ಟು ಬರ್ತೀಯಾ?"

"ದುಡ್ಡು ಕೊಡ್ತೀನಿ ಅಂತ ಯಾರ್ರೀ ಹೇಳಿದ್ದು?" ಎಂದಳು ದೊಡ್ಡಕ್ಕ. ಮೂರು ವರ್ಷದಲ್ಲಿ ಮೊದಲ ಸಲ ಅವಳ ಮುಖದ ಮೇಲೆ ಒಂದು ಬಗೆಯ ನಗು ಕಂಡಿತು. ಗಂಡನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಮೂರು ವರ್ಷದ ಹಿಂದೆ ನಡೆದದ್ದು ಇಷ್ಟು. ಅಂಗಡಿ ತುಂಬಿದ್ದ ಒಂದು ಬೆಳಗ್ಗೆ ಕೆಂಪಂಚಿನ ಉಣ್ಣೆ ಶಾಲೊಂದು ಲೆಕ್ಕಕ್ಕೆ ಸಿಗಲಿಲ್ಲ. ಬಾಗಿಲ ಬಳಿಯ ಎತ್ತರದ ಕುರ್ಚಿ ಬಿಟ್ಟು ಎಂದೂ ಇಳಿಯದ ಯಜಮಾನಿ ಅವತ್ತು ಇಳಿದು ಬಂದಳು. ನೇರ ದೊಡ್ಡಕ್ಕನ ಮುಂದೆ ನಿಂತು, "ನಿನ್ನ ಚೀಲ ಇಲ್ಲಿ ಸುರಿ" ಎಂದಳು. ಗಿರಾಕಿಗಳ ಕಣ್ಣೆದುರಿಗೆ ಮೇಜಿನ ಮೇಲೆ ಅವಳ ಊಟದ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಮಂಡಿನೋವಿನ ಮುಲಾಮು, ಹೊಲಿಯಲೆಂದು ತಂದಿದ್ದ ಗಂಡನ ತೂತುಬಿದ್ದ ಕಾಲುಚೀಲ, ಎಲ್ಲ ಬಿದ್ದವು. ಯಾರೋ ಕಿಸಕ್ಕೆಂದರು. ಶಾಲು ಇರಲಿಲ್ಲ. "ಮೈಗೆ ಸುತ್ಕೊಂಡಿರ್ತಾಳೆ. ಕೈ ಮೇಲೆತ್ತಿ ತಿರುಗು" ಎಂದಳು ಯಜಮಾನಿ. ಮೈ ತಡವಿ ನೋಡುವ ಕೆಲಸ ಪಿನ್ನಕ್ಕನಿಗೆ ಬಿತ್ತು. ಬಟ್ಟೆ ಅಳತೆಗೆ ಹಿಡಿದು ಚುಚ್ಚಲು ಸದಾ ತುಟಿಯ ಸಂದಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಅವಳಿಗೆ ಆ ಹೆಸರು. ದೊಡ್ಡಕ್ಕನೇ ಕೈ ಹಿಡಿದು ಕೆಲಸ ಕಲಿಸಿದವಳು, ಹದಿನೈದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು. ಅವಳು ತಲೆ ಎತ್ತದೆ ತಡವಿದಳು, ಇಲ್ಲ ಎಂದು ತಲೆಯಾಡಿಸಿದಳು. ಸಿಗಲಿಲ್ಲವೆಂದು ಯಜಮಾನಿ ತಪ್ಪಾಯಿತು ಎನ್ನಲಿಲ್ಲ. "ನಾಳೆಯಿಂದ ಬರಬೇಡ" ಎಂದಳು.

ಶಾಲು ಯಜಮಾನಿಯ ಮನೆಯಲ್ಲೇ ಇತ್ತಂತೆ ಎಂದು ವಾರದ ಮೇಲೆ ಅಂಗಡಿಯ ಕಾವಲುಗಾರ ಬಸ್ಸಿನಲ್ಲಿ ಗಂಡನ ಕಿವಿಯಲ್ಲಿ ಉಸುರಿದ. ಆದರೆ ಚೀಲ ಸುರಿದದ್ದು ನೂರು ಜನರ ಮುಂದೆ, ಶಾಲು ಸಿಕ್ಕಿದ ಸುದ್ದಿ ಬಿದ್ದದ್ದು ಒಂದೇ ಕಿವಿಗೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಪೇಟೆಯವರು ಮಾತಾಡಿಕೊಂಡರು. ಪೇಟೆಯವರ ಮಾತು ಹಾಳಾಗಿ ಹೋಗಲಿ. ಒಡಹುಟ್ಟಿದ ತಂಗಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಅಕ್ಕಾ, ನನ್ನ ಹತ್ರ ನಿಜ ಹೇಳು. ನೀನು ತಗೊಂಡಿರ್ಲಿಲ್ಲ ತಾನೇ?" ಎಂದು ಕೇಳಿದ್ದಳು. ಆ ಒಂದು ಮಾತು ದೊಡ್ಡಕ್ಕನ ಎದೆಯಲ್ಲಿ ಮೂರು ವರ್ಷ ಕೆಂಡದಂತೆ ಕೂತಿತ್ತು. ಆ ತಂಗಿಯ ಮನೆಯ ಮದುವೆಗೇ, ಬಂಧುಬಳಗವೆಲ್ಲ ಸೇರುವ ಕಡೆಗೇ, ಯಜಮಾನಿ ಬಿಸಾಡಿದ ಬಟ್ಟೆ ತೊಟ್ಟು ಹೋಗಬೇಕೇ? ಕಳ್ಳಿ ಎಂಬ ಹೆಸರು ಹೊತ್ತೇ ಹೋಗಬೇಕೇ? ಮುಯ್ಯಿ ತೀರಿಸದೆ ಸಾಯುವುದಿಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಬಟ್ಟೆ ಅಂಗಡಿಗೆ ಎಲ್ಲಿ ಹೊಡೆದರೆ ನೋವಾಗುತ್ತದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಗಿರಾಕಿ ಬೈದರೆ ನೋವಿಲ್ಲ, ಅರ್ಧ ಬೆಲೆಗೆ ಕೇಳಿದರೂ ನೋವಿಲ್ಲ. ಜನ ಕಿಕ್ಕಿರಿದ ದಿನವೇ ಬಂದು, ನಡುಮೇಜಿನ ಮುಂದೆ ಬೇರೂರಿ ಕೂತು, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಎಲ್ಲ ತೆಗೆಸಿ, ಒಂದೊಂದರ ಮಡಿಕೆಯನ್ನೂ ಬಿಚ್ಚಿಸಿ, ಕೊನೆಗೆ "ಯಾಕೋ ಮನಸ್ಸಿಗೆ ಬರ್ತಿಲ್ಲ" ಎಂದು ಎದ್ದು ಹೋಗುವವಳಿದ್ದಾಳಲ್ಲ, ಅವಳು ಕೊಡುವ ಪೆಟ್ಟು ದೊಡ್ಡದು. ಅಂಥವಳಿಗೆ ಅಂಗಡಿಯಲ್ಲಿ ಬರಿಗೈ ಎಂದು ಹೆಸರು. ಬರಿಗೈಯನ್ನು ಕಂಡರೆ ಯಜಮಾನಿಗೆ ಅನ್ನ ಸೇರುತ್ತಿರಲಿಲ್ಲ. ಆ ಅಂಗಡಿ ಇದುವರೆಗೆ ಕಂಡಿರದಂಥ ಬರಿಗೈ ಆಗಬೇಕೆಂದು ದೊಡ್ಡಕ್ಕ ರಜೆ ಹಾಕಿದಳು.

ಮದುವೆ ಸುಗ್ಗಿಯ ಶನಿವಾರ ಬೆಳಗ್ಗೆ, ಷಟರ್ ಇನ್ನೂ ಪೂರ್ತಿ ಏರುವ ಮೊದಲೇ ಹೋಗಿ ನಿಂತಳು. ಕಾವಲುಗಾರ ಅಭ್ಯಾಸಬಲದಿಂದ ಎದ್ದು ನಿಂತ. ಎತ್ತರದ ಕುರ್ಚಿಯ ಮೇಲೆ ಯಜಮಾನಿ ಕಣ್ಣು ಕಿರಿದು ಮಾಡಿದಳು. ಆದರೆ ತೆರೆದ ಬಾಗಿಲು ತೆರೆದ ಬಾಗಿಲೇ. ಗದ್ದದಿಂದ ಪಿನ್ನಕ್ಕನ ಕಡೆಗೆ ಸನ್ನೆ ಮಾಡಿದಳು, ನೋಡಿಕೋ ಎಂದು.

ಪಿನ್ನಕ್ಕ ಬಂದು ನಿಂತಳು. ಮೂರು ವರ್ಷದಲ್ಲಿ ಕೂದಲು ಅರ್ಧ ಬೆಳ್ಳಗಾಗಿತ್ತು, ಕಾಲಿನ ಹರಡು ಊದಿತ್ತು.

"ಅಕ್ಕಾ..." ಎಂದಳು ಪಿನ್ನುಗಳ ನಡುವಿನಿಂದ.

"ಮೇಡಂ ಅನ್ನು" ಎಂದಳು ದೊಡ್ಡಕ್ಕ, ಕುರ್ಚಿ ಎಳೆದು ಕುಳಿತು. "ಮೂರನೇ ಕಪಾಟು, ಮೇಲಿಂದ ಎರಡನೇ ಸಾಲು. ಪೆಟ್ಟಿಗೆ ಸಮೇತ ಎಲ್ಲಾ ಇಳಿಸು."

ಪಿನ್ನಕ್ಕ ಏಣಿ ತಂದಳು. ಎರಡನೇ ಸಾಲಾದ ಮೇಲೆ ಮೂರನೆಯದು, ಅದಾದ ಮೇಲೆ ಮೊದಲನೆಯದು. "ಈ ತೋಳು ಗಿಡ್ಡ." "ಈ ಬಣ್ಣ ನನ್ನ ಅತ್ತೆ ಕಾಲದ್ದು." "ಇದನ್ನ ತೊಟ್ಕೊಂಡು ಹೋದ್ರೆ ಮದುವೆಮನೇಲಿ ನನ್ನನ್ನೇ ಪರದೆ ಅಂತ ಎಳೆದುಬಿಡ್ತಾರೆ." ಮೇಜಿನ ಮೇಲೆ ರಾಶಿ ಬೆಳೆಯಿತು. ಹಿಂದೆ ನಿಂತ ಗಿರಾಕಿಗಳು ಎಡೆ ಸಿಗದೆ ಗೊಣಗಿದರು. ಯಜಮಾನಿ ಕುರ್ಚಿಯಲ್ಲೇ ಹೊರಳಾಡುತ್ತಿದ್ದಳು. ದೊಡ್ಡಕ್ಕನ ಹೊಟ್ಟೆ ತಣ್ಣಗಾಗತೊಡಗಿತು.

ಮೋಸ ಮಾಡಿದ್ದು ಅವಳ ಕೈಗಳು. ಬಾಯಿ "ಬೇಡ" ಎನ್ನುತ್ತಿದ್ದಂತೆ ಎಡಗೈ ತಾನಾಗಿ ಕುತ್ತಿಗೆಪಟ್ಟಿ ಹಿಡಿದು, ಬಲಗೈ ತೋಳುಗಳನ್ನು ಹಿಂದಕ್ಕೆ ಹಾಕಿ, ಅಂಗೈಯಿಂದ ಒಮ್ಮೆ ಸವರಿ, ಮಡಚಿ ಪಕ್ಕಕ್ಕಿಟ್ಟುಬಿಡುತ್ತಿತ್ತು. ಇಪ್ಪತ್ತೆರಡು ವರ್ಷದ ಚಾಳಿ. ಕಂಡೊಡನೆ ಮೈಯೆಲ್ಲ ಉರಿದು, ಮಡಚಿದ್ದನ್ನು ಮತ್ತೆ ಕೊಡವಿ ಎಸೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮಡಚಿ ಹನ್ನೊಂದನ್ನೂ ಕೆಡಿಸಿದ್ದಳು. ವೈರಿಯ ಅಂಗಡಿಯಲ್ಲಿ ಪುಕ್ಕಟೆ ಚಾಕರಿ ಮಾಡುವ ಸೇಡು ಎಲ್ಲಾದರೂ ಉಂಟೇ?

ಆಗ ಪಿನ್ನಕ್ಕ, ಕೇಳದೆಯೇ, ಮೂಲೆಯ ಕಪಾಟಿನಿಂದ ಒಂದನ್ನು ತಂದಳು. ಕಡುಹಸಿರು ಬಣ್ಣದ ಉದ್ದನೆಯ ಗೌನು. ತೋಳಿನ ತುದಿಗೆ ಅದೇ ಬಣ್ಣದ ಸಣ್ಣ ಕಸೂತಿ, ಮತ್ತೇನೂ ಆಡಂಬರವಿಲ್ಲ. ಮಾತಿಲ್ಲದೆ ದೊಡ್ಡಕ್ಕನ ಭುಜಕ್ಕೆ ಹಿಡಿದು ಕನ್ನಡಿಯ ಕಡೆ ತಿರುಗಿಸಿದಳು. ದೊಡ್ಡಕ್ಕ ಈ ಕನ್ನಡಿಯ ಮುಂದೆ ಸಾವಿರ ಸಲ ಬಟ್ಟೆ ಹಿಡಿದು ನಿಂತವಳೇ. ಆದರೆ ಅದೆಲ್ಲ ಪರರ ಬಟ್ಟೆ, ಪರರ ಕಣ್ಣಿಗೆ. ಈಗ ತನ್ನನ್ನು ತಾನು ನೋಡಿದಳು. ಎಡಕ್ಕೆ ತಿರುಗಿದಳು, ಹಸಿರು. ಬಲಕ್ಕೆ ತಿರುಗಿದಳು, ಅಷ್ಟೇ ಹಸಿರು. ಬೇಕು ಎನಿಸಿತು. ಎಂಥಾ ಬೇಕು ಎಂದರೆ, ಅಳು ಬಂದಂತಾಗಿ ತನ್ನ ಮೇಲೇ ಸಿಟ್ಟು ಬಂತು.

"ತಗೋ ಅಕ್ಕಾ" ಎಂದಳು ಪಿನ್ನಕ್ಕ ಪಿಸುದನಿಯಲ್ಲಿ. "ನಿನಗೇ ಹೊಲಿದ ಹಾಗಿದೆ. ಮತ್ತೆ... ಈ ತಿಂಗಳು ನಂಗೆ ಆಗ್ಲೇ ಎರಡು ಗೀಟಾಗಿದೆ."

ಗೀಟು ಎಂದರೇನೆಂದು ದೊಡ್ಡಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಣದ ಮೇಜಿನ ಹಿಂದೆ ಒಂದು ಕಪ್ಪುಹಲಗೆ, ಅದರ ಮೇಲೆ ಕೆಲಸದವರ ಹೆಸರು. ತೋರಿಸಿದ ಗಿರಾಕಿ ಬರಿಗೈಯಲ್ಲಿ ಹೋದರೆ ತೋರಿಸಿದವಳ ಹೆಸರಿನ ಮುಂದೆ ಸೀಮೆಸುಣ್ಣದಲ್ಲಿ ಒಂದು ಗೀಟು. ತಿಂಗಳಿಗೆ ಮೂರಾದರೆ ಮುಂದಿನ ತಿಂಗಳೆಲ್ಲ ನೆಲಮಾಳಿಗೆಯಲ್ಲಿ, ದೂಳಿನ ನಡುವೆ ಮೂಟೆ ಬಿಚ್ಚುವ ಕೆಲಸ. ದಿನಕ್ಕೆ ನಲವತ್ತು ಸಲ ಆ ಮೆಟ್ಟಿಲು ಹತ್ತಿ ಇಳಿಯಬೇಕು.

"ಕಾಲು ನೋಡು" ಎಂದಳು ಪಿನ್ನಕ್ಕ. "ಆ ಮೆಟ್ಟಿಲು ನನ್ನ ಕೈಲಾಗಲ್ಲ."

"ಅವತ್ತು ನನ್ನ ಮೈ ತಡವೋವಾಗ ಕೈ ಚೆನ್ನಾಗೇ ಆಡ್ತಿತ್ತಲ್ಲ?"

ಪಿನ್ನಕ್ಕ ತುಟಿಯಿಂದ ಒಂದೊಂದೇ ಪಿನ್ನು ತೆಗೆದು ತೋಳಿಗೆ ಚುಚ್ಚಿಕೊಂಡಳು. "ಅವತ್ತೂ ನಂಗೆ ಎರಡಾಗಿತ್ತು. ಆ ಶಾಲು... ಬೆಳಗ್ಗೆ ಅಮ್ಮಾವ್ರ ಮನೆಗೆ ಅಂತ ಕಟ್ಟಿ ಕಳಿಸಿದ್ದು ನಾನೇ ಅಕ್ಕಾ. ಬಾಯಿ ಬಿಟ್ರೆ ಆ ಸಿಟ್ಟಲ್ಲಿ ನಂಗೆ ಮೂರನೇ ಗೀಟು ಎಳೀತಾರೆ ಅಂತ ಸುಮ್ಮನಿದ್ದೆ."

ಗೊತ್ತಿತ್ತು! ಮೈ ತಡವಿದ ಆ ಎರಡು ಕೈಗಳಿಗೆ, ತಡವುವಾಗಲೇ ಗೊತ್ತಿತ್ತು.

ಇಲ್ಲೊಂದು ಮಾತು ಮುಚ್ಚಿಡಬಾರದು. ಆ ಕಪ್ಪುಹಲಗೆಯ ಉಪಾಯ ಯಜಮಾನಿಯದಲ್ಲ, ದೊಡ್ಡಕ್ಕನದು. ಹನ್ನೆರಡು ವರ್ಷದ ಹಿಂದೆ, ಕೈಕೆಳಗಿನವರು ಹರಟೆ ಹೊಡೆಯುತ್ತ ಗಿರಾಕಿ ಬಿಡುತ್ತಾರೆಂದು ಸಿಟ್ಟಾಗಿ, ಅವಳೇ ಹೇಳಿಕೊಟ್ಟದ್ದು. ಯಜಮಾನಿಗೆ ಎಷ್ಟು ಖುಷಿಯಾಯಿತೆಂದರೆ, ಆ ವರ್ಷದ ನೀಲಿ ಉಡುಪು ಅದಕ್ಕೇ ಬಂದ ಬಹುಮಾನ. ಇದು ದೊಡ್ಡಕ್ಕನಿಗೆ ಈಗ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು, ಅದನ್ನು ಕಾಲಲ್ಲಿ ಒತ್ತಿ ಹಿಡಿದಳು. ತಾನು ಮಾಡಿದ್ದು ಸೋಮಾರಿಗಳಿಗಾಗಿ, ಇಂಥ ನಂಬಿಕೆದ್ರೋಹಿಗಳಿಗೆ ನೆಪವಾಗಲೆಂದಲ್ಲ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಅವಳಿಗೆ ಆಗ ಪಿನ್ನಕ್ಕನ ಹೆಸರಿಗೆ ಮಾತ್ರ ಹೊಳೆಯಿತು.

"ಇದನ್ನೇ ಗಟ್ಟಿಯಾಗಿ ಹೇಳು" ಎಂದಳು. "ಎಲ್ಲರ ಮುಂದೆ. ಅವಳ ಮುಂದೆ. ಹೇಳಿದ್ರೆ ಈ ಹಸಿರು ತಗೋತೀನಿ. ಹೇಳಲಿಲ್ಲ ಅಂದ್ರೆ ಹೀಗೇ ಎದ್ದು ಹೋಗ್ತೀನಿ, ಮೂರನೇ ಗೀಟು ನಿಂದು."

"ಹೇಳಿದ್ರೆ ಕೆಲಸಾನೇ ಹೋಗುತ್ತೆ ಅಕ್ಕಾ."

"ನಂದು ಹೋಯ್ತಲ್ಲ."

ಪಿನ್ನಕ್ಕ ಅಂಗೈಯಿಂದ ಹಣೆ ಒರೆಸಿಕೊಂಡಳು. ಅಕ್ಕಪಕ್ಕದ ನಾಲ್ಕೈದು ಹೆಂಗಸರು ಕೈಯಲ್ಲಿದ್ದ ಬಟ್ಟೆ ಬಿಟ್ಟು ಇತ್ತ ತಿರುಗಿದರು. ಜನ ಸುತ್ತ ನಿಂತು ನೋಡುತ್ತಿರುವಾಗ ಒಬ್ಬ ಹೆಂಗಸು ಮೇಜಿನ ಮುಂದೆ ಬೆವರುತ್ತ ನಿಲ್ಲುವುದು ಹೇಗಿರುತ್ತದೆಂದು ದೊಡ್ಡಕ್ಕನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಬಲ್ಲವಳಾಗಿಯೇ ಕಾದಳು.

"ಏನದು ಅಲ್ಲಿ ಸಂತೆ?" ಎನ್ನುತ್ತ ಯಜಮಾನಿ ಕುರ್ಚಿ ಇಳಿದು ಬಂದಳು. ರಾಶಿ ನೋಡಿ ಮೂಗು ಮುರಿದಳು. "ತಗೊಳ್ಳೋ ಯೋಗ್ಯತೆ ಇಲ್ಲದವರಿಗೆ ಯಾಕೆ ಇಷ್ಟೆಲ್ಲ ಬಿಚ್ಚಿದೀಯ? ಇವಳು ಯಾರು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು" ಎಂದಳು ಪಿನ್ನಕ್ಕ. ದನಿ ಮೊದಲು ಒಡೆಯಿತು, ಆಮೇಲೆ ಅಂಗಡಿಗೆಲ್ಲ ಕೇಳುವಷ್ಟು ಏರಿತು. "ಅವತ್ತಿನ ಶಾಲು ಇವರು ಕದ್ದಿರ್ಲಿಲ್ಲ ಅಮ್ಮಾವ್ರೇ. ನಾನೇ ಕಟ್ಟಿ ನಿಮ್ಮ ಮನೆಗೆ ಕಳಿಸಿದ್ದೆ. ನೀವೇ ಹೇಳಿ ಕಳಿಸಿದ್ದು."

ಯಜಮಾನಿ ಬೆಚ್ಚುತ್ತಾಳೆ, ತಡವರಿಸುತ್ತಾಳೆ ಎಂದು ದೊಡ್ಡಕ್ಕ ಅವಳ ಮುಖವನ್ನೇ ನುಂಗುವಂತೆ ನೋಡುತ್ತಿದ್ದಳು. ಯಜಮಾನಿ ಬೆಚ್ಚಲಿಲ್ಲ. ಸಿಟ್ಟು ನೆತ್ತಿಗೇರಿದವರ ಬಾಯಿಗೆ ಬಾಗಿಲಿರುವುದಿಲ್ಲ.

"ಗೊತ್ತು ಕಣೇ! ನನಗೆ ಗೊತ್ತಿಲ್ದೆ ನನ್ನ ಮನೆಗೆ ಬಂತಾ?" ಎಂದು ಕಿರುಚಿದಳು. "ಬಾಗಿಲಲ್ಲಿ ಕಾಲಿಟ್ಟವರೆಲ್ಲ ದೊಡ್ಡಕ್ಕ ಎಲ್ಲಿ, ದೊಡ್ಡಕ್ಕ ಎಲ್ಲಿ! ಅಂಗಡಿ ನಂದಾ, ಇವಳದಾ? ಕಳಿಸೋಕೆ ಒಂದು ಕಾರಣ ಬೇಕಿತ್ತು, ಕಳಿಸ್ದೆ."

ಆಡಿದ ಮೇಲೆ ತಿಳಿಯಿತು ಏನು ಆಡಿದೆನೆಂದು. ತುಟಿ ಕಚ್ಚಿಕೊಂಡಳು. ಆದರೆ ಮಾತು ಆಡಿದರೆ ಹೋಯಿತು. ವಯಸ್ಸಾದ ಒಬ್ಬ ಹೆಂಗಸು ಕೈಯಲ್ಲಿದ್ದ ಕೋಟನ್ನು ಮೇಜಿನ ಮೇಲಿಟ್ಟು, "ಥೂ, ಇಂಥ ಕಡೆ ಬಂದ್ವಲ್ಲ" ಎಂದು ಸೊಸೆಯನ್ನು ಎಳೆದುಕೊಂಡು ಹೊರಟಳು. ಅವರ ಹಿಂದೆ ಇನ್ನಿಬ್ಬರು. ಅವರ ಹಿಂದೆ ಒಂದು ದೊಡ್ಡ ಸಂಸಾರ, ಮದುಮಗಳ ಸಮೇತ. ಒಬ್ಬಾಕೆ ಮಾತ್ರ ಹೋಗಲಿಲ್ಲ, ಅವಳ ಕೈಗೆ ಸಿಕ್ಕಿದ್ದು ಅರ್ಧ ಬೆಲೆಯ ಬಟ್ಟೆ.

ದೊಡ್ಡಕ್ಕ ಆ ಹೊರಡುವ ಬೆನ್ನುಗಳನ್ನು ಒಂದೊಂದಾಗಿ ಎಣಿಸಿದಳು. ಮೂರು ವರ್ಷ ಕನಸಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಆಮೇಲೆ ಹಸಿರು ಗೌನನ್ನು ಎತ್ತಿಕೊಂಡು ಹಣದ ಮೇಜಿಗೆ ನಡೆದಳು.

"ಬಿಲ್ ಹಾಕಿ."

"ನಿನಗೆ ಮಾರಲ್ಲ."

"ಹಾಗಾದ್ರೆ ನಾನೂ ಬರಿಗೈಲಿ ಹೋಗ್ಬೇಕು. ಗೀಟು ಯಾರ ಹೆಸರಿಗೆ ಎಳೀತೀರಾ, ಅಮ್ಮಾವ್ರೇ?"

ಯಜಮಾನಿ ಬಿಲ್ಲು ಹಾಕಿದಳು. ಪೆನ್ನಿನ ಒತ್ತಿಗೆ ಎರಡು ಸಲ ಕಾಗದ ಹರಿಯಿತು. ದೊಡ್ಡಕ್ಕ ಪೊಟ್ಟಣವನ್ನು ಎದೆಗವಚಿಕೊಂಡು, ತಲೆಯೆತ್ತಿ, ನಡುಬಾಗಿಲಿನಿಂದ ಹೊರಬಂದಳು. ಕಾವಲುಗಾರ ಈ ಸಲ ಬೇಕೆಂದೇ ಎದ್ದು ನಿಂತ.

ಮದುವೆಯ ದಿನ ಅವಳು ಯಾವ ಗೋಡೆಯ ಹತ್ತಿರವೂ ಸುಳಿಯಲಿಲ್ಲ. ಛತ್ರದ ನಟ್ಟನಡುವೆ, ದೀಪದ ಕೆಳಗೆ ನಿಂತಳು. "ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರಿ?" ಎಂದು ಯಾರಾದರೂ ಕೇಳಲಿ ಎಂದು ಕಾದಳು, ಕೇಳಿದರು. ಕೇಳಿದವರಿಗೆಲ್ಲ ಹೇಳಿದಳು. ಗಂಡನ ಅಣ್ಣನಿಗೆ, ಚಿಕ್ಕಮ್ಮನ ಮಕ್ಕಳಿಗೆ, ಗಂಡಿನ ಕಡೆಯ ಪರಿಚಯವಿಲ್ಲದ ಇಬ್ಬರಿಗೆ, ಊಟದ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆ. ಯಜಮಾನಿಯ ದನಿಯನ್ನು ಯಜಮಾನಿಗಿಂತ ಚೆನ್ನಾಗಿ ಆಡಿ ತೋರಿಸಿದಳು. ಹೇಳಿದಷ್ಟೂ ಕಥೆ ಮಾಗಿತು. ಕಪ್ಪುಹಲಗೆಯ ಮಾತು ಬಂದಾಗ "ಅಂಥದೊಂದು ಪದ್ಧತಿ ಅಲ್ಲಿ" ಎಂದು ಮುಂದೆ ಹೋಗುತ್ತಿದ್ದಳು. ಗಂಡ ಪಕ್ಕದಲ್ಲಿ ನಿಂತು, ಆ ಜಾಗ ಬಂದಾಗಲೆಲ್ಲ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಕೊನೆಗೆ ತಂಗಿ ಬಂದಳು. ಮಗಳ ಗಡಿಬಿಡಿಯ ನಡುವೆ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ, ಮೊದಲಿನಿಂದ ಹೇಳು ಎಂದಳು. ದೊಡ್ಡಕ್ಕ ಹೇಳಿದಳು. ತಂಗಿಯ ಕಣ್ಣು ತುಂಬಿತು. ಅಕ್ಕನ ಕೈ ಹಿಡಿದುಕೊಂಡು, "ಅವತ್ತು ನಾನು ಹಾಗೆ ಕೇಳಬಾರ್ದಿತ್ತು ಅಕ್ಕಾ. ಇಷ್ಟು ವರ್ಷ ಅದನ್ನೇ ನೆನೆದು ಸಂಕಟಪಟ್ಟಿದೀನಿ" ಎಂದಳು. ದೊಡ್ಡಕ್ಕನ ಎದೆಯ ಕೆಂಡ ಆರಿದ್ದು ಆಗ. ನಿಜವಾಗಿ ಆರಿತು, ಅದರಲ್ಲಿ ಸುಳ್ಳಿಲ್ಲ. ಅವಳು ತಂಗಿಯ ತಲೆ ಸವರಿದಳು.

ತಂಗಿ ಕಣ್ಣೊರೆಸಿಕೊಂಡು, ಏಳುವುದಕ್ಕೆ ಮೊದಲು, ಸಹಜವಾಗಿಯೇ ಕೇಳಿದಳು.

"ಪಾಪ, ಆ ಪಿನ್ನಕ್ಕ? ಅವಳಿಗೆ ಏನಾಯ್ತು ಆಮೇಲೆ?"

ದೊಡ್ಡಕ್ಕ ಬಾಯಿ ತೆರೆದಳು. ಬೆಳಗ್ಗೆಯಿಂದ ಹತ್ತು ಸಲ ಹೇಳಿದ ಕಥೆ. ಹತ್ತು ಸಲವೂ ಅದು ಪೊಟ್ಟಣ ಹಿಡಿದು ಬಾಗಿಲು ದಾಟಿದಲ್ಲಿಗೆ ಮುಗಿದಿತ್ತು. ಬಾಗಿಲ ಒಳಗೆ, ಆ ರಾಶಿಯ ಹಿಂದೆ, ಊದಿದ ಕಾಲಿನ ಮೇಲೆ ನಿಂತಿದ್ದವಳ ಕಡೆಗೆ ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಗೊತ್ತಿಲ್ಲ" ಎಂದಳು. "ನಾನು ಕೇಳಲಿಲ್ಲ."